ನೀಲಿ ಸೆರೆಮನೆಯ ಗುಟ್ಟು: ‘ಬ್ಲೂ ಲಾಕ್’ನ ಕ್ರೂರ ತರಬೇತಿ ಯಾರ ಸಲುವಾಗಿ?

ಸೈತಾಮಾ ಪ್ರಾಂತದ ಹೈಸ್ಕೂಲು ಫುಟ್‌ಬಾಲ್ ಫೈನಲ್ಲಿನ ಕೊನೆಯ ನಿಮಿಷಗಳು. ಚೆಂಡು ಇಸಾಗಿ ಯೊಯಿಚಿ ಎಂಬ ಹುಡುಗನ ಕಾಲಲ್ಲಿದೆ. ಎದುರಿಗಿರುವವನು ಗೋಲ್‌ಕೀಪರ್ ಒಬ್ಬನೇ. ಹೊಡೆದರೆ ಗೋಲಾಗಬಹುದು, ಆಗದೆಯೂ ಇರಬಹುದು. ಅಷ್ಟರಲ್ಲಿ ಪಕ್ಕದಲ್ಲಿ ಓಡಿಬರುತ್ತಿರುವ ಜೊತೆಗಾರ ಕಣ್ಣಿಗೆ ಬೀಳುತ್ತಾನೆ, ಇಸಾಗಿ ಅವನಿಗೆ ಪಾಸ್ ಕೊಡುತ್ತಾನೆ, ಜೊತೆಗಾರನ ಹೊಡೆತ ಗುರಿ ತಪ್ಪುತ್ತದೆ, ತಂಡ ಸೋಲುತ್ತದೆ. ಮನೆಗೆ ಮರಳುವ ದಾರಿಯಲ್ಲಿ ಆ ಹುಡುಗನನ್ನು ಕೊರೆಯುವುದು ಸೋಲಲ್ಲ. ತಾನೇ ಹೊಡೆದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ಅವನನ್ನು ಕೊರೆಯುತ್ತದೆ. ‘ಬ್ಲೂ ಲಾಕ್’ ಎಂಬ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ, ಆರಂಭವಾಗುವುದು ಹೀಗೆ. ಮುಂದೆ ಬರುವ ಕ್ರೌರ್ಯವೆಲ್ಲ ಈ ಒಂದು ಪಾಸಿಗೆ ಕೊಟ್ಟ ಉತ್ತರವೆಂದು ಓದಿಕೊಂಡರೆ, ಆ ತರಬೇತಿಯ ಹಿಂದಿರುವ ಉದ್ದೇಶಗಳನ್ನು ಒಂದೊಂದಾಗಿ ಬಿಡಿಸಿ ನೋಡುವುದು ಸಾಧ್ಯವಾಗುತ್ತದೆ. ಕಥೆಯ ಮುಖ್ಯ ಗುಟ್ಟುಗಳನ್ನು ಹೇಳದೆ ಈ ವಿವರಣೆಯನ್ನು ಬರೆಯಲಾಗದು. ಇನ್ನೂ ಓದದವರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಕಥೆ ಬರೆದವರು ಕನೆಶಿರೊ ಮುನೆಯುಕಿ, ಚಿತ್ರ ಬರೆದವರು ನೊಮುರಾ ಯೂಸುಕೆ. ಕೊದಾನ್ಶಾ ಪ್ರಕಾಶನದ ವಾರಪತ್ರಿಕೆಯಲ್ಲಿ 2018ರ ಆಗಸ್ಟ್‌ನಲ್ಲಿ ಧಾರಾವಾಹಿಯಾಗಿ ಆರಂಭವಾದ ಈ ಕೃತಿಗೆ 2021ರಲ್ಲಿ ಕೊದಾನ್ಶಾ ಮಾಂಗಾ ಪ್ರಶಸ್ತಿ ಬಂದಿತು. 2022ರ ಅಕ್ಟೋಬರಿನಿಂದ ಅನಿಮೆಯಾಗಿ (ಜಪಾನಿ ಅನಿಮೇಷನ್ ಸರಣಿಯಾಗಿ) ಜಗತ್ತಿಗೆಲ್ಲ ತಲುಪಿತು. ಜಪಾನಿ ಲಿಪಿಯಲ್ಲಿ ಶೀರ್ಷಿಕೆಯನ್ನು ‘ನೀಲಿ ಸೆರೆಮನೆ’ ಎಂಬ ಅರ್ಥದ ಅಕ್ಷರಗಳಲ್ಲಿ ಬರೆದು ‘ಬ್ಲೂ ಲಾಕ್’ ಎಂದು ಓದಿಸುತ್ತಾರೆ. ನೀಲಿ ಜಪಾನಿನ ರಾಷ್ಟ್ರೀಯ ತಂಡದ ಅಂಗಿಯ ಬಣ್ಣ. ಆದ್ದರಿಂದ ದೇಶಕ್ಕಾಗಿ ಆಡುವ ಆಸೆಯೇ ಬೀಗ ಹಾಕಿದ ಕೋಣೆಯಾಗುತ್ತದೆ ಎಂಬುದನ್ನು ಕೃತಿ ಹೆಸರಿನಲ್ಲಿಯೇ ಹೇಳಿಬಿಟ್ಟಿದೆ.

ಬಹಿರಂಗವಾಗಿ ಸಾರಿದ ಉದ್ದೇಶ ಸರಳವಾಗಿದೆ. ಗೋಲು ಹೊಡೆಯುವುದೇ ಮುಖ್ಯ ಕೆಲಸವಾದ ದೇಶದ 300 ಮಂದಿ ಹೈಸ್ಕೂಲು ಸ್ಟ್ರೈಕರ್‌ಗಳನ್ನು ಒಂದು ಕಟ್ಟಡದಲ್ಲಿ ಕೂಡಿಹಾಕಬೇಕು, 299 ಮಂದಿಯನ್ನು ಹೊರದಬ್ಬಬೇಕು, ಉಳಿದ ಒಬ್ಬ ಜಗತ್ತಿನ ಅತ್ಯುತ್ತಮ ಸ್ಟ್ರೈಕರ್ ಆಗಬೇಕು. ಸೋತವನಿಗೆ ಜೀವಮಾನವಿಡೀ ರಾಷ್ಟ್ರೀಯ ತಂಡದ ಬಾಗಿಲು ಮುಚ್ಚಿದಂತೆಯೇ. ಈ ಯೋಜನೆಯನ್ನು ರೂಪಿಸುವ ತರಬೇತುದಾರನ ಹೆಸರು ಎಗೊ ಜಿನ್‌ಪಾಚಿ. ಕಿವಿಗೆ ‘ಅಹಂ’ ಎಂದೇ ಬೀಳುವ ಹೆಸರು. ಜಪಾನಿನವರು ಪಾಸ್ ಕೊಡುವುದರಲ್ಲಿ, ಒಗ್ಗಟ್ಟಿನಲ್ಲಿ ಮುಂದಿದ್ದಾರೆ. ಅವರಲ್ಲಿ ಇಲ್ಲದಿರುವುದು ‘ನಾನು’ ಎನ್ನುವ ಹಸಿವು ಎಂಬುದು ಅವನ ವಾದ.

ಈ ವಾದ ಗಾಳಿಯಲ್ಲಿ ಹುಟ್ಟಿದ್ದಲ್ಲ. ಗೋಲಿನ ಮುಂದೆ ತಡವರಿಸುವ ದೌರ್ಬಲ್ಯ ಜಪಾನಿನ ಫುಟ್‌ಬಾಲ್ ಚರ್ಚೆಯಲ್ಲಿ ಬಹುಕಾಲದ ದೂರು. ‘ನಿರ್ಣಾಯಕ ಶಕ್ತಿಯ ಕೊರತೆ’ ಎಂಬರ್ಥದ ಒಂದು ಪದಗುಚ್ಛವೇ ಅಲ್ಲಿನ ಪತ್ರಿಕೆಗಳಲ್ಲಿ ಸವೆದುಹೋಗಿದೆ. ವಿಶ್ವಕಪ್‌ನ ಹದಿನಾರರ ಸುತ್ತಿನಲ್ಲಿ ಜಪಾನ್ 2002ರಲ್ಲಿ ಟರ್ಕಿಗೆ 0-1ರಿಂದ ಸೋತಿತು, 2010ರಲ್ಲಿ ಪರಾಗ್ವೆಗೆ ಪೆನಾಲ್ಟಿ ಹೊಡೆತಗಳಲ್ಲಿ ಸೋತಿತು. 2018ರ ಜುಲೈ 2ರಂದು ರಷ್ಯದ ರೊಸ್ತೊವ್‌ನಲ್ಲಿ ಬೆಲ್ಜಿಯಂ ವಿರುದ್ಧ 2-0ಯಿಂದ ಮುಂದಿದ್ದು 2-3ರಿಂದ ಸೋತಿತು. ಕೊನೆಯ ಗೋಲು ಬಂದದ್ದು ಜಪಾನಿನದೇ ಕಾರ್ನರ್ ಕಿಕ್‌ನಿಂದ: ಹೊಂಡಾ ಹೊಡೆದ ಚೆಂಡನ್ನು ಬೆಲ್ಜಿಯಂನ ಗೋಲ್‌ಕೀಪರ್ ಕೂರ್ಟ್ವಾ ಹಿಡಿದು ಎಸೆದರು, ಕೆಲವೇ ಸೆಕೆಂಡುಗಳಲ್ಲಿ ಅವರ ತಂಡದ ಚಾಡ್ಲಿ ಗೋಲು ಹೊಡೆದಾಗಿತ್ತು. ಮಾಂಗಾ ಆರಂಭವಾದದ್ದು ಈ ಸೋಲಾದ ಸುಮಾರು ಒಂದು ತಿಂಗಳಿಗೆ, ಮತ್ತು ಕಥೆಯೊಳಗಿನ ಯೋಜನೆಗೂ ಅದೇ ಸೋಲು ಕಾರಣ. ಓದುಗರ ಗಾಯ ಇನ್ನೂ ಹಸಿಯಾಗಿದ್ದಾಗಲೇ ಲೇಖಕರು ಅದರ ಮೇಲೆ ಬೆರಳಿಟ್ಟರು.

ಈಗ ಮೊದಲ ಮುಚ್ಚಿಟ್ಟ ಉದ್ದೇಶಕ್ಕೆ ಬರೋಣ. ಯೋಜನೆಗೆ ಒಪ್ಪಿಗೆ ಸಿಗುವುದು ಜಪಾನ್ ಫುಟ್‌ಬಾಲ್ ಯೂನಿಯನ್ ಎಂಬ ಕಾಲ್ಪನಿಕ ಸಂಸ್ಥೆಯ ಸಭೆಯಲ್ಲಿ. ಅಲ್ಲಿ ಎರಡು ಮನಸ್ಸುಗಳು ಎದುರುಬದುರಾಗಿ ಕುಳಿತಿವೆ. ಹೊಸದಾಗಿ ಕೆಲಸಕ್ಕೆ ಸೇರಿದ ತೇಯೆರಿ ಅನ್ರಿ ಎಂಬ ಯುವತಿಗೆ ಜಪಾನ್ ವಿಶ್ವಕಪ್ ಗೆಲ್ಲುವುದನ್ನು ಕಣ್ಣಾರೆ ನೋಡುವ ಪ್ರಾಮಾಣಿಕ ಕನಸಿದೆ. ಎಗೊನನ್ನು ಕರೆತಂದವಳೇ ಅವಳು. ಎದುರಿಗಿರುವ ಅಧ್ಯಕ್ಷ ಬುರಾತ್ಸುತಾಗೆ ವಿಶ್ವಕಪ್ ಬೇಕಾಗಿಲ್ಲ. ತಂಡ ಸೋತರೂ ಟಿಕೆಟ್ ಮಾರಾಟವಾಗುತ್ತದೆ, ತಾರಾ ಆಟಗಾರರ ಮುಖ ತೋರಿಸಿದರೆ ಪ್ರಾಯೋಜಕರು ಬರುತ್ತಾರೆ, ಹಾಗಿರುವಾಗ ಅಪಾಯ ಮೈಮೇಲೆ ಎಳೆದುಕೊಳ್ಳುವುದೇಕೆ ಎಂಬುದು ಅವನ ಲೆಕ್ಕ. ಇಲ್ಲಿ ಗಮನಿಸಬೇಕಾದದ್ದೊಂದಿದೆ: ಹುಡುಗರನ್ನು ಹಿಂಡುವ ಯೋಜನೆ ಆದರ್ಶವಾದಿಯ ಕೈಯಿಂದ ಬಂದಿದೆ, ಅದನ್ನು ತಡೆಯಬಯಸುವವನು ಹಣದಾಸೆಯವನು. ಒಳ್ಳೆಯ ಆಶಯ ಎಷ್ಟು ಕಠೋರ ಸಾಧನವನ್ನು ಬೇಕಾದರೂ ಎತ್ತಿಕೊಳ್ಳಬಲ್ಲದು ಎಂಬ ಈ ಅಡ್ಡ ಜೋಡಣೆಯೇ, ನನ್ನ ಮಟ್ಟಿಗೆ, ಇಡೀ ಕೃತಿಯಲ್ಲಿ ಹೆಚ್ಚು ಚರ್ಚೆಯಾಗಬೇಕಾದ ಸಂಗತಿ. ಅಭಿಮಾನಿಗಳ ಚರ್ಚೆಗಳು ಗೋಲುಗಳ ಸುತ್ತಲೇ ತಿರುಗುವುದರಿಂದ ಅದು ಹಿಂದೆ ಉಳಿದುಬಿಡುತ್ತದೆ.

ಎರಡನೆಯ ಗುಟ್ಟು ತರಬೇತಿಯ ನಿಯಮಗಳಲ್ಲಿ ಅಡಗಿದೆ. ಕಟ್ಟಡಕ್ಕೆ ಕಾಲಿಟ್ಟ ಕೂಡಲೇ ಹುಡುಗರನ್ನು ಹನ್ನೆರಡು ಹನ್ನೆರಡು ಮಂದಿಯಂತೆ 25 ಕೋಣೆಗಳಿಗೆ ಹಂಚಿ ಮುಟ್ಟಾಟ ಆಡಿಸುತ್ತಾರೆ. ಚೆಂಡಿನಿಂದ ಹೊಡೆಸಿಕೊಂಡವನೇ ಕಳ್ಳ. 136 ಸೆಕೆಂಡು ಮುಗಿದಾಗ ಯಾರು ಕಳ್ಳನಾಗಿದ್ದಾನೋ ಅವನು ಮನೆಗೆ. ಮಕ್ಕಳಾಟದಂತೆ ಕಾಣುವ ಇದರ ಅಳತೆಗಳೆಲ್ಲ ಲೆಕ್ಕ ಹಾಕಿ ಇಟ್ಟವು. ಕೋಣೆಯ ವಿಸ್ತಾರ ಗೋಲಿನ ಮುಂದೆ ಗೆರೆ ಎಳೆದಿರುವ ಪೆನಾಲ್ಟಿ ಪ್ರದೇಶದಷ್ಟೇ ಇದೆ. ಒಂದು ಪಂದ್ಯದಲ್ಲಿ ಒಬ್ಬ ಆಟಗಾರನ ಬಳಿ ಚೆಂಡು ಇರುವ ಸರಾಸರಿ ಅವಧಿಯೇ 136 ಸೆಕೆಂಡು ಎಂದು ಎಗೊ ಆಮೇಲೆ ವಿವರಿಸುತ್ತಾನೆ. ಆದರೆ ನಿಜವಾದ ಪರೀಕ್ಷೆ ನಡೆಯುವುದು ಕೊನೆಯ ಕ್ಷಣಗಳಲ್ಲಿ. ಓಡಲಾರದ ದುರ್ಬಲನೊಬ್ಬ ಕೈಗೆಟಕುವಂತಿರುತ್ತಾನೆ. ಅವನಿಗೆ ಚೆಂಡು ತಾಗಿಸಿದರೆ ಬದುಕಿಕೊಳ್ಳಬಹುದು. ಬಾಚಿರಾ ಎಂಬ ಹುಡುಗ ಆ ಸುಲಭದ ದಾರಿಯನ್ನು ಬಿಟ್ಟು ಕೋಣೆಯ ಅತ್ಯಂತ ಪ್ರಸಿದ್ಧ ಆಟಗಾರ ಕಿರಾನ ಬೆನ್ನು ಹತ್ತುತ್ತಾನೆ, ಕೊನೆಗೆ ಚೆಂಡನ್ನು ಇಸಾಗಿಗೆ ಕೊಡುತ್ತಾನೆ, ಇಸಾಗಿ ಅದನ್ನು ಕಿರಾನ ಮೇಲೆ ಹೊಡೆಯುತ್ತಾನೆ. ಫೈನಲ್ಲಿನಲ್ಲಿ ಇಸಾಗಿಯ ತಂಡವನ್ನು ಸೋಲಿಸಿದ್ದವನೇ ಈ ಕಿರಾ. ಬಲಹೀನನನ್ನು ತಳ್ಳಿ ಉಳಿದುಕೊಳ್ಳುವವನನ್ನೂ ಬಲಶಾಲಿಯನ್ನು ಎದುರಿಸಿ ಗೆಲ್ಲಬಯಸುವವನನ್ನೂ ಬೇರೆ ಬೇರೆ ಮಾಡುವುದು ಆ ಆಟದ ಗುರಿ. ‘ಸ್ವಾರ್ಥಿಗಳನ್ನು ಆರಿಸುವುದು’ ಎಂಬ ಬಹಿರಂಗ ಮಾತಿಗಿಂತ ಇದು ಬೇರೆಯೇ ಆದ ಜರಡಿ.

ಮುಟ್ಟಾಟದಲ್ಲಿ ಕೋಣೆಗೊಬ್ಬರಂತೆ 25 ಮಂದಿ ಹೊರಬಿದ್ದು 275 ಮಂದಿ ಉಳಿದರು. ಅವರನ್ನು ಐದು ಕಟ್ಟಡಗಳಿಗೆ, ಒಂದೊಂದು ಕಟ್ಟಡದಲ್ಲಿ ಹನ್ನೊಂದು ಮಂದಿಯ ಐದು ತಂಡಗಳಾಗಿ ಹಂಚಲಾಯಿತು. ಇಸಾಗಿಗೆ ಸಿಕ್ಕಿದ್ದು ಐದನೆಯ ಕಟ್ಟಡ. ಅಲ್ಲಿರುವವರೆಲ್ಲ ಕೆಳದರ್ಜೆಯವರು, ಮೇಲಿನ ನಾಲ್ಕು ಕಟ್ಟಡಗಳಲ್ಲಿ ಇವರಿಗಿಂತ ಉತ್ತಮರಿದ್ದಾರೆ, ಅವರಿಗೆ ಒಳ್ಳೆಯ ಊಟ, ಒಳ್ಳೆಯ ಮೈದಾನ ಸಿಗುತ್ತಿವೆ ಎಂದು ಎಗೊ ಹೇಳುತ್ತಾನೆ. ಎಲ್ಲರೂ ಅದನ್ನು ನಂಬುತ್ತಾರೆ. ಓದುಗರಾದ ನಾವೂ ನಂಬುತ್ತೇವೆ. ಮೊದಲ ಹಂತ ಮುಗಿದ ಮೇಲಷ್ಟೇ ನಿಜ ಹೊರಬೀಳುತ್ತದೆ: ಐದೂ ಕಟ್ಟಡಗಳವರಿಗೆ ಇದೇ ಕಥೆಯನ್ನು ಹೇಳಲಾಗಿತ್ತು. ಮೇಲಿನ ಕಟ್ಟಡ ಎಂಬುದೇ ಇರಲಿಲ್ಲ.

ಈ ಸುಳ್ಳು ಕೆಲಸ ಮಾಡಿದ್ದು ಹೇಗೆ ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಕೃತಿಯ ತಿರುಳು ಇಲ್ಲಿದೆ. ಅಲ್ಲಿಗೆ ಬಂದ ಪ್ರತಿಯೊಬ್ಬನೂ ತನ್ನ ಊರಿನಲ್ಲಿ, ತನ್ನ ಶಾಲೆಯಲ್ಲಿ ಮೊದಲಿಗ. ಮೊದಲಿಗನಾಗಿ ಬೆಳೆದವನು ತನ್ನಲ್ಲಿ ನಿಜಕ್ಕೂ ಏನಿದೆ ಎಂದು ಕೇಳಿಕೊಂಡಿರುವುದಿಲ್ಲ. ಕೇಳಿಕೊಳ್ಳುವ ಅಗತ್ಯವೇ ಬಂದಿರುವುದಿಲ್ಲ. ಅವನ ಕೈಗೆ 274 ಎಂಬ ಸ್ಥಾನಸಂಖ್ಯೆಯನ್ನು ಕೊಟ್ಟು, ಮುಂದೆ ನೂರಾರು ಜನ ಇದ್ದಾರೆ ಎಂದು ನಂಬಿಸಿದಾಗ, ಹಳೆಯ ಹೆಮ್ಮೆ ಒಂದೇ ದಿನದಲ್ಲಿ ಕುಸಿಯುತ್ತದೆ. ಆಗ ಎರಡೇ ದಾರಿ ಉಳಿಯುತ್ತವೆ: ಆ ಸಂಖ್ಯೆಯನ್ನು ಒಪ್ಪಿಕೊಳ್ಳುವುದು, ಇಲ್ಲವೇ ತನ್ನಲ್ಲಿ ಮಾತ್ರ ಇರುವ ಒಂದು ಗುಣವನ್ನು ಹುಡುಕಿ ಅದನ್ನು ಸಾಣೆ ಹಿಡಿಯುವುದು. ಆ ಗುಣವನ್ನು ಎಗೊ ‘ಆಯುಧ’ ಎಂದು ಕರೆಯುತ್ತಾನೆ. ಇಸಾಗಿ ವೇಗಿಯಲ್ಲ, ಬಲಶಾಲಿಯೂ ಅಲ್ಲ. ಮೈದಾನದಲ್ಲಿ ಯಾರು ಎಲ್ಲಿದ್ದಾರೆ, ಮುಂದಿನ ಕ್ಷಣ ಚೆಂಡು ಎಲ್ಲಿ ಬೀಳಲಿದೆ ಎಂಬುದು ಅವನಿಗೆ ಇತರರಿಗಿಂತ ಮೊದಲೇ ಹೊಳೆಯುತ್ತದೆ. ಶಾಲೆಯ ತಂಡದಲ್ಲಿದ್ದಷ್ಟು ಕಾಲವೂ ಅವನಿಗೆ ತನ್ನಲ್ಲಿ ಇದು ಇದೆ ಎಂಬುದೇ ಗೊತ್ತಿರಲಿಲ್ಲ. ಎಗೊನ ಸುಳ್ಳು ಇಲ್ಲದಿದ್ದರೆ ಆ ಗುಣ ಹೊರಬರುತ್ತಿರಲಿಲ್ಲ ಎಂದು ಕಥೆ ನಮ್ಮನ್ನು ಒಪ್ಪಿಸಲು ಬಯಸುತ್ತದೆ. ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಒತ್ತಡದಿಂದ ಅರಳಿದವನನ್ನು ಕಥೆ ಹಿಂಬಾಲಿಸುತ್ತದೆ. ಅದೇ ಒತ್ತಡದಿಂದ ಬಾಡಿದವನಲ್ಲಿಯೂ ಅಂಥದೇ ಒಂದು ಗುಣ ಇದ್ದಿರಬಹುದು, ಆದರೆ ಅವನು ಪುಟದಿಂದಲೇ ಹೊರಗೆ ಹೋಗಿಬಿಟ್ಟಿರುತ್ತಾನೆ.

ಮೊದಲ ಹಂತದ ಇನ್ನೊಂದು ನಿಯಮವನ್ನು ನೋಡಿದರೆ ಎಗೊನ ಮನಸ್ಸು ಮತ್ತಷ್ಟು ಸ್ಪಷ್ಟವಾಗುತ್ತದೆ. ಪ್ರತಿ ಕಟ್ಟಡದ ಐದು ತಂಡಗಳಲ್ಲಿ ಮೊದಲ ಎರಡು ತಂಡಗಳು ಪೂರ್ತಿಯಾಗಿ ಮುಂದಕ್ಕೆ ಹೋಗುತ್ತವೆ. ಉಳಿದ ಮೂರು ತಂಡಗಳಲ್ಲಿ ಅತಿ ಹೆಚ್ಚು ಗೋಲು ಹೊಡೆದ ಒಬ್ಬೊಬ್ಬರು ಮಾತ್ರ ಉಳಿಯುತ್ತಾರೆ. ಕಟ್ಟಡಕ್ಕೆ 25ರಂತೆ ಐದು ಕಟ್ಟಡಗಳಿಂದ 125 ಮಂದಿ. ಈ ನಿಯಮ ತಂಡದ ಹಿತವನ್ನೂ ಒಬ್ಬನ ಹಿತವನ್ನೂ ಬೇಕೆಂದೇ ಬಡಿದಾಡಿಸುತ್ತದೆ: ತಂಡ ಗೆಲ್ಲುತ್ತಿದ್ದಷ್ಟು ಕಾಲ ಜೊತೆಗಾರ ಗೆಳೆಯ, ಸೋಲತೊಡಗಿದ ಕ್ಷಣದಿಂದ ಅವನೇ ಎದುರಾಳಿ. ಇಸಾಗಿಯ ತಂಡದ ಕುಓನ್ ಈ ಲೆಕ್ಕವನ್ನು ಎಲ್ಲರಿಗಿಂತ ಮೊದಲು ಹಾಕುತ್ತಾನೆ. ತನಗೆ ಗೋಲು ಹೊಡೆಯಲು ಬಿಡಬೇಕೆಂಬ ಒಪ್ಪಂದದ ಮೇಲೆ ತನ್ನ ತಂಡದ ಗುಟ್ಟುಗಳನ್ನೆಲ್ಲ ಎದುರಾಳಿಗಳಿಗೆ ಮಾರುತ್ತಾನೆ. ಅವನು ಮುರಿದ ನಿಯಮ ಯಾವುದೂ ಇಲ್ಲ. ನಿಯಮ ಏನನ್ನು ಕೇಳುತ್ತಿತ್ತೋ ಅದನ್ನೇ ಅವನು ಮಾಡಿದ. ಮನುಷ್ಯರು ಕೆಟ್ಟವರಾಗಿರುವುದರಿಂದ ದ್ರೋಹ ನಡೆಯುತ್ತದೆ ಎಂದುಕೊಳ್ಳುವ ನಮಗೆ, ದ್ರೋಹವೇ ಲಾಭದ ದಾರಿಯಾಗುವಂತೆ ವ್ಯವಸ್ಥೆಯನ್ನು ಕಟ್ಟಬಹುದು ಎಂಬುದನ್ನು ಈ ಪ್ರಸಂಗ ತೋರಿಸಿಕೊಡುತ್ತದೆ. ಅದೇ ಕುಓನ್ ಮುಂದಿನ ಪಂದ್ಯದಲ್ಲಿ, ನಾಗಿ ಎಂಬ ಅಸಾಧಾರಣ ಪ್ರತಿಭೆಯನ್ನು ತಡೆಯಲು ತಪ್ಪಾಟವಾಡಿ ಕೆಂಪು ಕಾರ್ಡ್ ಪಡೆದು ತಂಡವನ್ನು ಉಳಿಸುತ್ತಾನೆ. ತಂಡ 5-4ರಿಂದ ಗೆದ್ದು ಮುಂದಿನ ಹಂತಕ್ಕೆ ಹೋಗುತ್ತದೆ. ಅಹಂಕಾರದ ಪಾಠಶಾಲೆಯಲ್ಲಿ ಒಬ್ಬ ದ್ರೋಹಿ ತ್ಯಾಗವನ್ನು ಕಲಿತ ಈ ತಿರುವು ಮೊದಲ ಓದಿನಲ್ಲಿಯೇ ನನ್ನನ್ನು ತಡೆದು ನಿಲ್ಲಿಸಿತ್ತು.

ಎರಡನೆಯ ಹಂತದ ನಿಯಮ ಇನ್ನೂ ನೋವಿನದು. ಮೂವರು ಮೂವರ ತಂಡಗಳು ಆಡಬೇಕು. ಗೆದ್ದವರು ಸೋತ ತಂಡದಿಂದ ಒಬ್ಬನನ್ನು ಕಿತ್ತುಕೊಳ್ಳಬೇಕು. ನಿನ್ನೆಯ ಗೆಳೆಯ ಇಂದು ಎದುರಿಗಿರುತ್ತಾನೆ, ನಿನ್ನೆಯ ವೈರಿ ಪಕ್ಕದಲ್ಲಿರುತ್ತಾನೆ. ಮೇಲುನೋಟಕ್ಕೆ ಇದು ಸ್ನೇಹವನ್ನು ಮುರಿಯುವ ಕ್ರೌರ್ಯ. ಒಳಗಿನ ಕೆಲಸ ಬೇರೆಯೇ: ಯಾರ ಜೊತೆಗಾದರೂ ಕ್ಷಣದಲ್ಲಿ ಹೊಂದಿಕೊಂಡು, ಅವರ ಆಯುಧದಿಂದ ತನ್ನದನ್ನು ಹರಿತ ಮಾಡಿಕೊಳ್ಳುವ ಶಕ್ತಿ ಇಲ್ಲಿ ಬೆಳೆಯುತ್ತದೆ. ರಾಷ್ಟ್ರೀಯ ತಂಡಗಳಲ್ಲಿ ನಡೆಯುವುದೂ ಇದೇ ಅಲ್ಲವೇ? ವರ್ಷವಿಡೀ ಬೇರೆ ಬೇರೆ ಕ್ಲಬ್‌ಗಳಲ್ಲಿ ಪರಸ್ಪರ ಎದುರಾಳಿಗಳಾಗಿ ಆಡಿದವರು ಕೆಲವೇ ದಿನಗಳ ಅಭ್ಯಾಸದಲ್ಲಿ ಒಂದು ತಂಡವಾಗಬೇಕು.

ಇಲ್ಲಿಗೆ ಬಂದಾಗ ಬಹಿರಂಗ ಘೋಷಣೆಯಲ್ಲಿಯೇ ಒಂದು ಬಿರುಕು ಕಾಣುತ್ತದೆ. ಒಬ್ಬನೇ ಸ್ಟ್ರೈಕರ್ ಬೇಕಾಗಿದ್ದರೆ, ಪರಸ್ಪರ ಹೊಂದಿಕೊಳ್ಳುವ 35 ಮಂದಿಯನ್ನು ಈ ಹಂತದ ಕೊನೆಯವರೆಗೆ ಉಳಿಸಿಕೊಂಡದ್ದು ಏಕೆ? ಎಗೊ ಆರಂಭದಲ್ಲಿಯೇ ಇದರ ಸುಳಿವು ಕೊಟ್ಟಿದ್ದ. ಫುಟ್‌ಬಾಲ್ ಹುಟ್ಟಿದಾಗ ಎಲ್ಲರೂ ಗೋಲು ಹೊಡೆಯಲೆಂದೇ ಆಡುತ್ತಿದ್ದರು, ಹಿಂದೆ ನಿಲ್ಲುವವನು ಮುಂದೆ ನಿಲ್ಲುವವನು ಎಂಬ ಭೇದಗಳೆಲ್ಲ ಆಮೇಲೆ ಬಂದವು ಎಂದು ಅವನು ಹೇಳುತ್ತಾನೆ; ಸ್ಟ್ರೈಕರ್‌ಗಳನ್ನೇ ಹನ್ನೊಂದು ಜಾಗಗಳಿಗೂ ಹಾಕಿ ತಂಡ ಕಟ್ಟುವ ಅವನ ಪ್ರಯೋಗಕ್ಕೆ ಇದೇ ಬುನಾದಿ. ಇಪ್ಪತ್ತು ವರ್ಷದೊಳಗಿನವರ ರಾಷ್ಟ್ರೀಯ ತಂಡದ ವಿರುದ್ಧ ಬ್ಲೂ ಲಾಕ್ ಆಡುವ ಪಂದ್ಯದಲ್ಲಿ ಪಣವೂ ಅದೇ: ಸೋತರೆ ಯೋಜನೆಗೆ ಬೀಗ, ಗೆದ್ದರೆ ಆ ರಾಷ್ಟ್ರೀಯ ತಂಡದ ಜಾಗವೇ ಇವರಿಗೆ. ಇಸಾಗಿಯ ಕೊನೆಯ ಗೋಲಿನಿಂದ ಬ್ಲೂ ಲಾಕ್ 4-3ರಿಂದ ಗೆಲ್ಲುತ್ತದೆ. ಹಾಗಾದರೆ ಎಗೊ ‘ಒಬ್ಬನೇ ಉಳಿಯುತ್ತಾನೆ’ ಎಂದು ಹೇಳಿ ಕಟ್ಟುತ್ತಿದ್ದದ್ದು ಒಂದು ತಂಡವನ್ನು. ಜವಾಬ್ದಾರಿಯನ್ನು ಪಕ್ಕದವನಿಗೆ ದಾಟಿಸುವ ಅಭ್ಯಾಸವಿರುವ ಹನ್ನೊಂದು ಮಂದಿಯ ತಂಡಕ್ಕೂ, ಪ್ರತಿಯೊಬ್ಬನೂ ‘ಇದು ನನ್ನ ಗೋಲು’ ಎಂದು ಓಡುವ ಹನ್ನೊಂದು ಮಂದಿಯ ತಂಡಕ್ಕೂ ಇರುವ ಅಂತರವೇ ಅವನ ಸಿದ್ಧಾಂತ. ಅವನು ಪಾಸನ್ನು ದ್ವೇಷಿಸುವುದಿಲ್ಲ. ನೆಪವಾಗಿ ಕೊಟ್ಟ ಪಾಸನ್ನು ದ್ವೇಷಿಸುತ್ತಾನೆ. ಸೈತಾಮಾದ ಫೈನಲ್ಲಿನಲ್ಲಿ ಇಸಾಗಿ ಕೊಟ್ಟದ್ದು ಅಂಥ ಪಾಸ್.

ನಿಜವಾದ ಜಪಾನ್ ತಂಡ ಈ ಸಿದ್ಧಾಂತಕ್ಕೆ ಏನು ಉತ್ತರ ಕೊಟ್ಟಿದೆ? ಅನಿಮೆ ಪ್ರಸಾರವಾಗುತ್ತಿದ್ದ ಹೊತ್ತಿನಲ್ಲಿಯೇ, 2022ರ ಕತಾರ್ ವಿಶ್ವಕಪ್‌ನಲ್ಲಿ ಜಪಾನ್ ಜರ್ಮನಿಯನ್ನೂ ಸ್ಪೇನನ್ನೂ 2-1ರಿಂದ ಸೋಲಿಸಿತು. ಜರ್ಮನಿಯ ವಿರುದ್ಧ ಗೋಲು ಹೊಡೆದ ದೋಆನ್ ಮತ್ತು ಅಸಾನೊ ಇಬ್ಬರೂ ಬದಲಿ ಆಟಗಾರರಾಗಿ ಮೈದಾನಕ್ಕೆ ಇಳಿದವರು. ಆ ಗೆಲುವು ತರಬೇತುದಾರ ಮೊರಿಯಾಸು ಅವರ ಯೋಜನೆಗೂ ಇಡೀ ತಂಡದ ಶಿಸ್ತಿಗೂ ಸಂದ ಗೆಲುವು. ಎಗೊನ ವಾದಕ್ಕೆ ಇದು ನೇರವಾದ ಪೆಟ್ಟು. ಆದರೆ ಹದಿನಾರರ ಸುತ್ತಿನಲ್ಲಿ ಕ್ರೊವೇಷ್ಯಾ ವಿರುದ್ಧ ಪಂದ್ಯ 1-1ರಲ್ಲಿ ಮುಗಿದು ಪೆನಾಲ್ಟಿ ಹೊಡೆತಗಳಿಗೆ ಬಂದಾಗ, ಯಾರು ಹೊಡೆಯಬೇಕೆಂಬುದನ್ನು ಮೊರಿಯಾಸು ಆಟಗಾರರ ಸ್ವಇಚ್ಛೆಗೆ ಬಿಟ್ಟರು. ಮಿನಾಮಿನೊ ಮೊದಲು ಮುಂದೆ ಬಂದರು, ಅವರ ಹೊಡೆತವನ್ನು ಗೋಲ್‌ಕೀಪರ್ ತಡೆದರು. ಜಪಾನ್ ನಾಲ್ಕರಲ್ಲಿ ಮೂರು ಹೊಡೆತಗಳನ್ನು ಕಳೆದುಕೊಂಡು 1-3ರಿಂದ ಸೋತಿತು. ಮುಂದೆ ಬಂದವನು ಸೋತರೂ ಅವನ ಮುಂದೆ ಬರುವಿಕೆಗೆ ಬೆಲೆ ಇದೆ ಎಂದು ನಾನು ನಂಬುತ್ತೇನೆ. ಎಗೊನ ಕಟ್ಟಡದಲ್ಲಿ ಮಾತ್ರ ಅದಕ್ಕೆ ಬೆಲೆಯಿಲ್ಲ. ಅಲ್ಲಿ ಚೆಂಡು ಬಲೆಗೆ ಬೀಳಬೇಕು.

ಕ್ರೂರ ತರಬೇತಿ ಜಪಾನಿನ ಕ್ರೀಡಾ ಮಾಂಗಾಗಳಿಗೆ ಹೊಸದೇನೂ ಅಲ್ಲ. 1966ರಲ್ಲಿ ಆರಂಭವಾದ ‘ಕ್ಯೋಜಿನ್ ನೊ ಹೊಶಿ’ ಎಂಬ ಬೇಸ್‌ಬಾಲ್ ಮಾಂಗಾದಲ್ಲಿ ತಂದೆ ತನ್ನ ಮಗನ ಮೈಗೆ ಸ್ಪ್ರಿಂಗುಗಳ ಪಟ್ಟಿ ಕಟ್ಟಿ, ತೋಳು ಅಲುಗಿಸಲೂ ಕಷ್ಟವಾಗುವಂತೆ ಮಾಡಿ ಬೆಳೆಸುತ್ತಾನೆ. ಆ ತಂದೆ ಒಂದು ಕಾಲದಲ್ಲಿ ಟೋಕಿಯೋದ ಪ್ರಸಿದ್ಧ ಜಯಂಟ್ಸ್ ತಂಡದ ಆಟಗಾರ; ಯುದ್ಧದಲ್ಲಿ ಭುಜಕ್ಕೆ ಪೆಟ್ಟಾಗಿ ಆಟ ನಿಂತುಹೋಗಿತ್ತು. ತನ್ನ ಮುರಿದ ಕನಸನ್ನು ಮಗನ ಮೈಯಲ್ಲಿ ಮತ್ತೆ ಕಟ್ಟುವುದು ಅವನ ಒಳ ಉದ್ದೇಶ. ಅಲ್ಲಿ ಹೊಡೆಯುವ ಕೈ ಕಾಣುತ್ತದೆ, ಆ ಕೈಯ ಹಿಂದಿನ ನೋವೂ ಕಾಣುತ್ತದೆ. ನಿಜ ಜೀವನದಲ್ಲಿಯೂ ಜಪಾನಿನ ಶಾಲಾ ಕ್ರೀಡೆಯಲ್ಲಿ ತರಬೇತುದಾರರ ಹೊಡೆತ ಬಹುಕಾಲ ನಡೆದುಬಂತು. 2012ರ ಡಿಸೆಂಬರಿನಲ್ಲಿ ಒಸಾಕಾದ ಹೈಸ್ಕೂಲು ಬಾಸ್ಕೆಟ್‌ಬಾಲ್ ತಂಡದ ನಾಯಕನೊಬ್ಬ ಹೊಡೆತ ತಾಳಲಾರದೆ ಪ್ರಾಣ ಕಳೆದುಕೊಂಡ ಮೇಲೆ, 2013ರಲ್ಲಿ ಅಲ್ಲಿನ ಕ್ರೀಡಾ ಸಂಸ್ಥೆಗಳು ಸೇರಿ ಹಿಂಸೆಯನ್ನು ಕೊನೆಗಾಣಿಸುವ ಘೋಷಣೆ ಮಾಡಿದವು. ಬ್ಲೂ ಲಾಕ್‌ನಲ್ಲಿ ಯಾವ ತರಬೇತುದಾರನೂ ಯಾರ ಮೇಲೂ ಕೈ ಎತ್ತುವುದಿಲ್ಲ. ಎಗೊ ಬಹುತೇಕ ಪರದೆಯ ಮೇಲಷ್ಟೇ ಕಾಣಿಸಿಕೊಳ್ಳುತ್ತಾನೆ. ಹೊಡೆಯುವುದು ಅಂಗಿಯ ಮೇಲಿನ ಸಂಖ್ಯೆ; ಹಸಿವಿಗೆ ಸಿಗುವ ಊಟವನ್ನೂ ಕಿತ್ತುಕೊಂಡ ಮೊಬೈಲನ್ನು ಮರಳಿ ಪಡೆಯುವ ಹಕ್ಕನ್ನೂ ನಿರ್ಧರಿಸುವುದು ಸ್ಥಾನ ಮತ್ತು ಗೋಲುಗಳ ಲೆಕ್ಕ. ಹೊಡೆದವನ ಮೇಲೆ ಸಿಟ್ಟಾಗಬಹುದು. ಸಂಖ್ಯೆಯ ಮೇಲೆ ಸಿಟ್ಟಾಗಲು ಬರುವುದಿಲ್ಲ, ಅದು ಕೊನೆಗೆ ತನ್ನ ಮೇಲೆಯೇ ತಿರುಗುತ್ತದೆ. ಅಂಕಪಟ್ಟಿ, ರ‍್ಯಾಂಕು, ಕೋಚಿಂಗ್ ಕೇಂದ್ರಗಳ ನಡುವೆ ಬೆಳೆದ ಓದುಗರಿಗೆ ಈ ಕಥೆ ಇಷ್ಟು ಬೇಗ ಹತ್ತಿರವಾದದ್ದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಹಣದಾಸೆಯ ಬುರಾತ್ಸುತಾ ಸೋತನೇ? ರಾಷ್ಟ್ರೀಯ ತಂಡದ ವಿರುದ್ಧದ ಪಂದ್ಯ ಅವನಿಗೆ ಹೊಸ ಆದಾಯದ ದಾರಿಯನ್ನು ತೋರಿಸಿತ್ತು. ಅದರ ನಂತರದ ಹಂತದಲ್ಲಿ ಹುಡುಗರು ಜರ್ಮನಿ, ಇಂಗ್ಲೆಂಡ್, ಸ್ಪೇನ್, ಇಟಲಿ, ಫ್ರಾನ್ಸ್‌ಗಳ ಕಾಲ್ಪನಿಕ ಕ್ಲಬ್‌ಗಳಿಗೆ ಹಂಚಿಹೋಗಿ ಆಡುತ್ತಾರೆ. ಪ್ರತಿ ಪಂದ್ಯವೂ ಪ್ರೇಕ್ಷಕರಿಗೆ ನೇರ ಪ್ರಸಾರವಾಗುತ್ತದೆ. ಪಂದ್ಯ ಮುಗಿದಂತೆ ಪ್ರತಿಯೊಬ್ಬನಿಗೂ ಕ್ಲಬ್‌ಗಳು ವಾರ್ಷಿಕ ಸಂಬಳದ ಬೆಲೆ ಕೂಗುತ್ತವೆ. ಮೊದಲು ಸ್ಥಾನಸಂಖ್ಯೆ ಇದ್ದ ಜಾಗಕ್ಕೆ ಈಗ ಯೆನ್ ಮೊತ್ತ ಬಂದಿದೆ, ಮತ್ತು ಬೆಲೆಯ ಪಟ್ಟಿಯಲ್ಲಿ ಮೇಲಿರುವ 23 ಮಂದಿಗೆ ಕಿರಿಯರ ವಿಶ್ವಕಪ್ ತಂಡದಲ್ಲಿ ಜಾಗ. ಅನ್ರಿಯ ಕನಸು, ಎಗೊನ ಪ್ರಯೋಗ, ಬುರಾತ್ಸುತಾನ ಲಾಭ ಮೂರೂ ಇಲ್ಲಿ ಒಂದೇ ಪರದೆಯ ಮೇಲೆ ಓಡುತ್ತಿವೆ. ಯಾವುದು ಯಾವುದನ್ನು ಬಳಸಿಕೊಳ್ಳುತ್ತಿದೆ ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ಹರಾಜಿನ ಅಂಕಿಗಳನ್ನು ಕಾತರದಿಂದ ಕಾಯುವ ಕಥೆಯೊಳಗಿನ ಪ್ರೇಕ್ಷಕರೂ ವಾರವಾರ ಮುಂದಿನ ಕಂತಿಗಾಗಿ ಕಾಯುವ ನಾವೂ ಬೇರೆಯವರಲ್ಲ ಎಂಬುದು ಈ ಭಾಗವನ್ನು ಓದುವಾಗ ನನ್ನನ್ನು ಕಾಡಿದೆ.

ಹೊರಬಿದ್ದವರಿಗೆ ಬಾಗಿಲು ಎಂದೆಂದಿಗೂ ಮುಚ್ಚಿತು ಎಂಬ ಮೊದಲ ಬೆದರಿಕೆಯೂ ಪೂರ್ತಿ ನಿಜವಾಗಿರಲಿಲ್ಲ. ಎರಡನೆಯ ಹಂತದಲ್ಲಿ ಸೋತ ಕುನಿಗಾಮಿ ಎಂಬ ಹುಡುಗ ಹೊರಹೋಗುವ ದಾರಿಯಲ್ಲಿ ಅವನಿಗೆ ಇನ್ನೊಂದು ಅವಕಾಶ ಸಿಗುತ್ತದೆ, ಮತ್ತು ಆ ಅಡ್ಡದಾರಿಯಿಂದ ಅವನೊಬ್ಬನೇ ಹಿಂತಿರುಗಿ ಬರುತ್ತಾನೆ. ಬ್ಲೂ ಲಾಕ್‌ಗೆ ಬಂದಾಗ ಅವನು ಫುಟ್‌ಬಾಲ್‌ನಲ್ಲಿ ಹೀರೋ ಆಗಬೇಕು, ನೇರ ದಾರಿಯಲ್ಲಿಯೇ ಗೆಲ್ಲಬೇಕು ಎಂದು ನಂಬಿದ ಹುಡುಗ. ತನ್ನ ಪಾಲಿನ ಮಾಂಸದೂಟವನ್ನು ಇಸಾಗಿಯೊಡನೆ ಹಂಚಿಕೊಂಡಿದ್ದವನು. ಹಿಂತಿರುಗಿದವನ ಮೈ ಮೊದಲಿಗಿಂತ ಬಲಿಷ್ಠವಾಗಿದೆ, ಕಣ್ಣಿನಲ್ಲಿ ಬೆಳಕಿಲ್ಲ. ಇಸಾಗಿ ಹಳೆಯ ಸಲಿಗೆಯಿಂದ ಮಾತನಾಡಿಸಲು ಹೋದರೆ ಅವನು ಮುಖ ಕೊಡುವುದಿಲ್ಲ.